ಎಷ್ಟನೇದು ಅಂತ ಕೇಳುವ ಸರ್ಕಾರ



ಹೋದ ತಿಂಗಳು ಒಂದು ಹಾಸ್ಟೆಲಿನಲ್ಲಿ ರಾತ್ರಿ ಊಟ ಆದ ಮೇಲೆ ಓದು ಬಳಗದವರೆಲ್ಲ ಕೂತಿದ್ದೆವು. ಮಾತು ಎಲ್ಲೆಲ್ಲೋ ಹೋಗಿ ಕೊನೆಗೆ ಬಸುರಿ ಹೆಂಗಸರಿಗೂ ಕೂಸುಗಳಿಗೂ ಸರ್ಕಾರ ಕೊಡುವ ದುಡ್ಡಿನ ಮೇಲೆ ಬಂತು. ಡಿಗ್ರಿ ಎರಡನೇ ವರ್ಷದ ಹುಡುಗನೊಬ್ಬ ಎದ್ದು ನಿಂತು ಹೇಳಿದ: 'ಏನೇ ಹೇಳಣ್ಣ, ಎರಡರ ಮೇಲೆ ಹೆತ್ತೋರಿಗೆ ಒಂದು ಪೈಸಾನೂ ಕೊಡಬಾರದು. ಐದು ಆರು ಹೆತ್ತು ಬೀದಿಗೆ ಬಿಡ್ತಾರೆ. ಅದಕ್ಕೇ ನಮ್ಮ ಜನ ಉದ್ಧಾರ ಆಗ್ತಿಲ್ಲ.' ಸುತ್ತ ಕೂತವರಲ್ಲಿ ಬಹಳ ಜನ ತಲೆಯಾಡಿಸಿದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ಈ ಮಾತು ಊರ ಯಜಮಾನರ ಜಗಲಿಯಿಂದ ಬಂದಿದ್ದರೆ ಅದಕ್ಕೆ ಈ ಪುಟ ಖರ್ಚು ಮಾಡುತ್ತಿರಲಿಲ್ಲ. ಅಲ್ಲಿಂದ ಅದು ಬರೋದು ಹೊಸದೂ ಅಲ್ಲ. ನಮ್ಮ ಕೇರಿಯ ಮಕ್ಕಳನ್ನು ಕಂಡಾಗಲೆಲ್ಲ 'ಇವಕ್ಕೆ ಹೆರೋದು ಬಿಟ್ರೆ ಇನ್ನೇನು ಕೆಲಸ' ಅಂದವರ ಮೊಮ್ಮಕ್ಕಳು ಈಗ ಅದನ್ನೇ ಜನಸಂಖ್ಯಾ ಸ್ಫೋಟ ಅಂತ ಅಚ್ಚುಕಟ್ಟಾಗಿ ಹೇಳುತ್ತಾರೆ, ಅಷ್ಟೆ. ಆದರೆ ಈ ಹುಡುಗ ನಮ್ಮವನು. ಮೆರವಣಿಗೆಯಲ್ಲಿ ಬ್ಯಾನರ್ ಹಿಡಿದವನು, ಒಳ್ಳೆಯ ಓದುಗ. ಅವನ ಮಾತಿನಲ್ಲಿ ಸಿಟ್ಟಿತ್ತು. ಆ ಸಿಟ್ಟಿನ ಕೆಳಗೆ ತನ್ನ ಕೇರಿಯ ಬಡತನದ ಬಗ್ಗೆ ನಾಚಿಕೆಯೂ ಇತ್ತು. ಅವತ್ತು ಅವನಿಗೆ ಅಲ್ಲೇ ಸರಿಯಾಗಿ ಉತ್ತರ ಕೊಡಲು ನಮಗೆ ಆಗಲಿಲ್ಲ. ಕೂಗಾಟ ಆಯಿತು, ವಾರ್ಡನ್ ಬಂದರು, ಲೈಟ್ ಆರಿಸಿದರು. ಅದಕ್ಕೆ ಇಲ್ಲಿ ಬರೀತಿದೀವಿ.

ಮೊದಲು ಇರುವುದು ಏನು ಅಂತ ನೋಡೋಣ. ಆ ರಾತ್ರಿ ವಾದ ಮಾಡಿದ ಬಹಳ ಜನಕ್ಕೆ ಇದು ಗೊತ್ತಿರಲಿಲ್ಲ. ನಮಗೂ ಪೂರ್ತಿ ಗೊತ್ತಿರಲಿಲ್ಲ, ಆಮೇಲೆ ಕೂತು ಓದಿದೆವು.

2013ರಲ್ಲಿ ಪಾರ್ಲಿಮೆಂಟು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮಾಡಿತು. ಅದರ 4ನೇ ಕಲಮಿನಲ್ಲಿ ಪ್ರತಿಯೊಬ್ಬ ಬಸುರಿ, ಬಾಣಂತಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಭತ್ಯೆ ಸಿಗಬೇಕು ಅಂತ ಇದೆ. ಸರ್ಕಾರಿ ನೌಕರಿಯಲ್ಲಿದ್ದು ಹೆರಿಗೆ ರಜೆ ಪಡೆಯುವಂಥವರನ್ನು ಬಿಟ್ಟು ಎಲ್ಲರಿಗೂ. ಮೊದಲನೇ ಮಗು, ಎರಡನೇ ಮಗು ಅನ್ನೋ ಮಾತೇ ಆ ಕಲಮಿನಲ್ಲಿ ಇಲ್ಲ. ಆದರೆ 'ಕೇಂದ್ರ ಸರ್ಕಾರ ರೂಪಿಸುವ ಯೋಜನೆಗೆ ಒಳಪಟ್ಟು' ಅಂತ ಒಂದು ಸಣ್ಣ ಕಿಂಡಿ ಬಿಟ್ಟಿದ್ದರು. ನಾಲ್ಕು ವರ್ಷ ಆದ ಮೇಲೆ, 2017ರಲ್ಲಿ, ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಅಂತ ಆ ಕಿಂಡಿಯಲ್ಲಿ ನುಸುಳಿ ಬಂತು. 6,000 ಹೋಗಿ 5,000 ಆಯಿತು. ಪ್ರತಿಯೊಬ್ಬ ಬಸುರಿ ಅನ್ನೋದು ಹೋಗಿ ಮೊದಲನೇ ಮಗುವಿನ ತಾಯಿ ಮಾತ್ರ ಅಂತಾಯಿತು. ಉಳಿದ ಒಂದು ಸಾವಿರ ಎಲ್ಲಿ ಅಂದರೆ, ಆಸ್ಪತ್ರೆ ಹೆರಿಗೆಗೆ ಕೊಡುವ ಜನನಿ ಸುರಕ್ಷಾ ದುಡ್ಡು ಸೇರಿದರೆ ಸರಾಸರಿ ಆರು ಸಾವಿರ ಆಗುತ್ತದಲ್ಲ ಅಂತ ಸಮಜಾಯಿಷಿ. 2022ರಿಂದ ಎರಡನೇ ಮಗುವಿಗೂ ವಿಸ್ತರಿಸಿದರು. ಅದೂ ಹೆಣ್ಣಾದರೆ ಮಾತ್ರ, 6,000. ಎರಡನೆಯದು ಗಂಡಾದರೆ ಇಲ್ಲ. ಮೂರನೆಯದು ಯಾವುದಾದರೂ ಇಲ್ಲ.

ಅಂದರೆ ನಮ್ಮ ಹುಡುಗ ಎರಡಕ್ಕೆ ಮಿತಿ ಹಾಕಿ ಅಂತ ಗುಡುಗುತ್ತಿದ್ದಾಗ ಸರ್ಕಾರ ಆಗಲೇ ಒಂದೂವರೆಗೆ ಮಿತಿ ಹಾಕಿ ಕೂತಿತ್ತು!

ಈ 5,000 ರೂಪಾಯಿ ಎಷ್ಟು ದೊಡ್ಡ ಗಂಟು ಅಂತಲೂ ನೋಡಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ. ಭಾಗಿಸಿದರೆ ಹದಿಮೂರೂವರೆ ದಿನದ ಕೂಲಿ. ಹದಿಮೂರೂವರೆ ದಿನದ ಕೂಲಿಯ ಆಸೆಗೆ ಒಂಬತ್ತು ತಿಂಗಳು ಹೊತ್ತು ಹೆರುವ ಹೆಂಗಸು ಯಾವ ಊರಿನಲ್ಲಿದ್ದಾಳೆ? ಕಬ್ಬಿನ ಗದ್ದೆಯಲ್ಲಿ, ಇಟ್ಟಿಗೆ ಗೂಡಿನಲ್ಲಿ ಎಂಟನೇ ತಿಂಗಳವರೆಗೂ ಬಗ್ಗಿ ದುಡಿಯುವ ನಮ್ಮ ಅಕ್ಕಂದಿರು ಹೆರಿಗೆಯ ಆಚೆ ಈಚೆ ಸ್ವಲ್ಪ ದಿನ ಬೆನ್ನು ನೆಲಕ್ಕೆ ತಾಗಿಸಲಿ ಅಂತ ಕೊಡುವ ದುಡ್ಡು ಅದು. ಕಾರ್ಖಾನೆ, ಕಂಪನಿಗಳಲ್ಲಿ ಕಾನೂನಿನ ಪ್ರಕಾರ ಕೆಲಸದಲ್ಲಿರುವ ಹೆಂಗಸಿಗೆ 2017ರ ತಿದ್ದುಪಡಿಯಂತೆ 26 ವಾರ ಸಂಬಳದ ರಜೆ ಇದೆ. ಇರಲಿ, ಬೇಕು, ಅದು ಹೋರಾಡಿ ಪಡೆದದ್ದು. ಆಕೆಗೆ ಇಬ್ಬರು ಮಕ್ಕಳಿದ್ದು ಮೂರನೆಯದು ಹುಟ್ಟಿದರೂ 12 ವಾರ ಸಿಗುತ್ತದೆ. ರಜೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಯಾಕಂದರೆ ಮೂರನೇ ಹೆರಿಗೆಯಲ್ಲೂ ರಕ್ತ ಹೋಗುತ್ತದೆ, ಮೂರನೇ ಕೂಸಿಗೂ ಎದೆಹಾಲು ಬೇಕು ಅನ್ನೋದು ಆ ಕಾನೂನು ಬರೆದವರಿಗೆ ಹೊಳೆದಿದೆ. ಕೂಲಿ ಹೆಂಗಸಿನ ಯೋಜನೆ ಬರೆಯುವಾಗ ಮಾತ್ರ ಮರೆತುಹೋಯಿತು.

ನಮ್ಮಲ್ಲೊಬ್ಬನ ಅಕ್ಕನ ಮನೆಯ ವಿಷಯ ಹೇಳುತ್ತೇವೆ. ಮೂವರು ಹೆಣ್ಣುಮಕ್ಕಳು. ದೊಡ್ಡವಳಿಗೂ ಎರಡನೆಯವಳಿಗೂ ಭಾಗ್ಯಲಕ್ಷ್ಮಿ ಬಾಂಡು ಇದೆ. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದದ್ದು ಅದು. ಬಿಪಿಎಲ್ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ದುಡ್ಡಿಟ್ಟು ಹದಿನೆಂಟು ತುಂಬಿದ ಮೇಲೆ ಕೊಡುವುದು. ಆಮೇಲೆ ಅದು ಸುಕನ್ಯಾ ಸಮೃದ್ಧಿ ಖಾತೆಯ ದಾರಿ ಹಿಡಿಯಿತು. ಒಂದು ಮನೆಗೆ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ. ಅಪ್ಪನೋ ಅವ್ವನೋ ಆಪರೇಷನ್ ಮಾಡಿಸಿಕೊಂಡಿರಬೇಕು ಅನ್ನುವ ಷರತ್ತೂ ಇತ್ತು. ಅಕ್ಕ ಎರಡನೇ ಹೆರಿಗೆಯಲ್ಲೇ ಆಪರೇಷನ್ ಆಗಲಿ ಅಂತ ಕೇಳಿಕೊಂಡಿದ್ದಳು. ರಕ್ತ ಕಡಿಮೆ ಇದೆ, ಆಮೇಲೆ ಬಾ ಅಂತ ಕಳಿಸಿದರು. ಆ 'ಆಮೇಲೆ' ಬರುವ ಮೊದಲೇ ಮೂರನೆಯವಳು ಬಂದಳು. ಬಾಂಡುಗಳನ್ನು ಅಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದಾಳೆ. ಒಂದು ಸಲ ಟ್ರಂಕು ತೆಗೆದಾಗ ಚಿಕ್ಕವಳು ಕೇಳಿದಳಂತೆ, 'ನಂದೆಲ್ಲವ್ವ?' 'ನಿಂದೂ ಅದ್ರಲ್ಲೇ ಸೇರ್ಕೊಂಡದೆ ಕಣ್ ಮಗ' ಅಂದಳು ಅಕ್ಕ. ಆ ಹುಡುಗಿ ಈಗ ಒಂಬತ್ತನೇ ಕ್ಲಾಸು. ಬಾಂಡಿನ ಮೇಲಿರುವ ಹೆಸರು ಓದಲು ಅವಳಿಗೆ ಬರುತ್ತದೆ.

ಆಸ್ಪತ್ರೆ ಮಾಡಿದ ತಡ, ಅವ್ವನ ರಕ್ತಹೀನತೆ, ಇದರಲ್ಲಿ ಆ ಹುಡುಗಿಯದು ಯಾವ ತಪ್ಪು? ಮಿತಿ ಹಾಕಬೇಕು ಅನ್ನುವವರು ಯಾವತ್ತೂ ಅಪ್ಪ ಅವ್ವನನ್ನು ಮುಂದಿಟ್ಟುಕೊಂಡೇ ಮಾತಾಡುತ್ತಾರೆ. ದಂಡ ಕಟ್ಟೋದು ಮಾತ್ರ ಕೂಸು.

ಹಾಸ್ಟೆಲಿನವರು ತಿಳಿಯಬೇಕಾದ ಇನ್ನೊಂದಿದೆ. ಮಲ ಹೊರುವವರ, ಚರ್ಮ ಸುಲಿಯುವವರ ಮಕ್ಕಳಿಗೆ ಅಂತ 1977-78ರಿಂದ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಇತ್ತು. ಅದರ ನಿಯಮದಲ್ಲಿ ಒಂದು ಸಾಲು ಸೇರಿಸಿದ್ದರು: 1993ರ ಏಪ್ರಿಲ್ 1ರ ನಂತರ ಮೂರನೇ ಮಗು ಹುಟ್ಟಿದರೆ ಆ ಮನೆಯ ಇಬ್ಬರು ಮಕ್ಕಳಿಗೆ ಮಾತ್ರ ವೇತನ. ಯೋಚನೆ ಮಾಡಿ ಗೆಳೆಯರೇ. ಯಾವ ಮನೆಯ ಮಕ್ಕಳು ತಲೆಮಾರಿನ ಕೆಲಸದಿಂದ ಬಿಡಿಸಿಕೊಂಡು ಸ್ಲೇಟು ಹಿಡಿಯಲಿ ಅಂತ ಯೋಜನೆ ಮಾಡಿದರೋ, ಅದೇ ಮನೆಯ ಮೂರನೆಯವನಿಗೆ ಬಕೆಟ್ಟು ಪೊರಕೆ ಅಲ್ಲೇ ಇರಲಿ ಅಂದ ಹಾಗಾಯಿತು. ಆ ಸಾಲು ಬರೆದ ಅಧಿಕಾರಿ ಕೆಟ್ಟವನೇ ಆಗಿರಬೇಕಿಲ್ಲ. ಹಾಸ್ಟೆಲಿನ ನಮ್ಮ ಹುಡುಗನ ಹಾಗೆ, ದೇಶ ಉದ್ಧಾರ ಆಗಲಿ ಅಂತಲೇ ಬರೆದಿರಬಹುದು.

ಈಗ ಆ 'ಐದು ಆರು ಹೆರುತ್ತಾರೆ' ಅನ್ನುವ ಮಾತಿಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಹೆಂಗಸು ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ ಇಡೀ ದೇಶಕ್ಕೆ 2.0. ಪರಿಶಿಷ್ಟ ಜಾತಿಯವರಲ್ಲಿ 2.08. ಮೇಲ್ಜಾತಿಗಳೂ ಸೇರಿದ 'ಇತರರು' ಅನ್ನೋ ಗುಂಪಿನಲ್ಲಿ 1.93. ನೂರು ಹೆಂಗಸರಿಗೆ ಹದಿನೈದು ಕೂಸಿನ ಫರಕು. ಇದಕ್ಕೇನಾ ಇಷ್ಟು ಕೂಗು? ಕರ್ನಾಟಕದಲ್ಲಂತೂ 1992-93ರಲ್ಲಿ 2.85 ಇದ್ದದ್ದು 1.7ಕ್ಕೆ ಇಳಿದಿದೆ. ಐದು ಆರು ಹೆರುವ ಮನೆ ನಮ್ಮ ಕೇರಿಯಲ್ಲಿ ಇಲ್ಲವೇ ಇಲ್ಲ ಅಂತ ನಾವು ಹೇಳೋದಿಲ್ಲ, ಇವೆ. ಬೆರಳೆಣಿಕೆಯ ಆ ಮನೆಗಳನ್ನು ತೋರಿಸಿ ಎಲ್ಲರ ತಟ್ಟೆಗೆ ಕೈ ಹಾಕುತ್ತಾರೆ ಅನ್ನೋದು ನಮ್ಮ ತಕರಾರು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಲೆಕ್ಕ ಇದೆ. ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುವುದು ಪರಿಶಿಷ್ಟ ಜಾತಿಯಲ್ಲಿ ಸುಮಾರು 41, ಇತರರಲ್ಲಿ 28. ಹೆರುವುದರಲ್ಲಿ ನಾವು ಹೆಚ್ಚುಕಡಿಮೆ ಅವರ ಹತ್ತಿರ ಬಂದೆವು, ಮಣ್ಣು ಮಾಡುವುದರಲ್ಲಿ ಇನ್ನೂ ಮುಂದೆ ಇದ್ದೇವೆ. ಊರಿಗೆ ಹೋದಾಗ ನಿಮ್ಮ ಅಜ್ಜಿಯರನ್ನು ಕೇಳಿ ನೋಡಿ, ಎರಡು ಲೆಕ್ಕ ಹೇಳುತ್ತಾರೆ. ಹೆತ್ತದ್ದು ಇಷ್ಟು, ಉಳಿದದ್ದು ಇಷ್ಟು. ಬಾಬಾಸಾಹೇಬರು ಸುಬೇದಾರ್ ರಾಮಜಿ, ಭೀಮಾಬಾಯಿಯವರ ಹದಿನಾಲ್ಕನೇ ಮಗು. ಹದಿನಾಲ್ಕರಲ್ಲಿ ಉಳಿದದ್ದು ಐವರು. ಮುಂದೆ ಬಾಬಾಸಾಹೇಬರಿಗೂ ರಮಾಬಾಯಿಯವರಿಗೂ ಹುಟ್ಟಿದ ಐವರಲ್ಲಿ ಉಳಿದದ್ದು ಯಶವಂತ ಒಬ್ಬರೇ. ಕೊನೆಯ ಕೂಸು ರಾಜರತ್ನ 1926ರಲ್ಲಿ ತೀರಿಹೋಯಿತು. ಹದಿನಾಲ್ಕನೆಯವರು ಅಂಬೇಡ್ಕರ್ ಆದರು ಅಂತ ಎಲ್ಲರೂ ಹದಿನಾಲ್ಕು ಹೆರಲಿ ಅನ್ನೋದು ಹುಚ್ಚುತನ. ನಾವು ಅದನ್ನು ಹೇಳುತ್ತಿಲ್ಲ. ಕೂಸು ಉಳಿಯುತ್ತದೆ ಅನ್ನೋ ನಂಬಿಕೆ ಇಲ್ಲದ ಮನೆಗೆ ಎರಡು ಸಾಕು ಅಂತ ಹೇಳುವ ಮುಖ ಯಾರಿಗಿದೆ ಅಂತ ಕೇಳುತ್ತಿದ್ದೇವೆ. 2017ರ ಮಾತೃ ವಂದನಾ ಮಾರ್ಗಸೂಚಿಯನ್ನೇ ನೋಡಿ: ಕಂತುಗಳನ್ನೆಲ್ಲ ಪಡೆದ ಮೇಲೆ ಆ ಕೂಸು ತೀರಿಕೊಂಡರೆ, ಮುಂದಿನ ಬಸುರಿಗೆ ಆ ತಾಯಿಗೆ ದುಡ್ಡಿಲ್ಲ ಅಂತ ಬರೆದಿದ್ದರು.

ಬಾಬಾಸಾಹೇಬರು ಕುಟುಂಬ ಯೋಜನೆ ಬೇಡ ಅಂದವರಲ್ಲ. 1938ರ ನವೆಂಬರಿನಲ್ಲಿ ಮುಂಬೈ ಶಾಸನಸಭೆಯಲ್ಲಿ ಅವರ ಸ್ವತಂತ್ರ ಕಾರ್ಮಿಕ ಪಕ್ಷದ ಪಿ.ಜೆ. ರೋಹಮ್ ಅವರು ಸಂತಾನ ನಿಯಂತ್ರಣದ ನಿರ್ಣಯ ಮಂಡಿಸಿದರು. ಸರ್ಕಾರವೇ ಇದನ್ನು ಜನಕ್ಕೆ ತಿಳಿಸಬೇಕು, ಸೌಲಭ್ಯ ಕೊಡಬೇಕು ಅನ್ನೋದು ಅದರ ತಿರುಳು. ಹೆರಿಗೆ ನೋವು ಗಂಡಸರು ತಿನ್ನುವಂತಿದ್ದರೆ ಒಂದಕ್ಕಿಂತ ಹೆಚ್ಚು ಮಗುವಿಗೆ ಅವರು ಯಾರೂ ಒಪ್ಪುತ್ತಿರಲಿಲ್ಲ ಅನ್ನುವ ಅರ್ಥದ ಮಾತು ಅಂದಿನ ಭಾಷಣದಲ್ಲಿದೆ. ನಿರ್ಣಯ ಬಿದ್ದುಹೋಯಿತು. ದೇಶದ ಬಹಳ ದೊಡ್ಡ ಮನುಷ್ಯರಿಗೆ ಅದು ಆಗ ಪಾಪದ ಮಾತಾಗಿತ್ತು.

ಆದರೆ ಅದಕ್ಕೂ ಹತ್ತು ವರ್ಷ ಮೊದಲು, 1928ರ ಜುಲೈಯಲ್ಲಿ, ಅದೇ ಮುಂಬೈ ಪ್ರಾಂತ್ಯದ ಕೌನ್ಸಿಲಿನಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಭತ್ಯೆ ಮಸೂದೆ ಬಂದಾಗ ಅವರು ಅದರ ಪರವಾಗಿ ಎದ್ದು ನಿಂತಿದ್ದರು. ಹೆರಿಗೆಯ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಹೊರೆಯನ್ನು ಬಹುಪಾಲು ಸರ್ಕಾರವೇ ಹೊರಬೇಕು ಅಂದರು. 1929ರಲ್ಲಿ ಅದು ಕಾಯ್ದೆಯಾಯಿತು. ಈ ಎರಡನ್ನೂ ಒಟ್ಟಿಗೆ ಓದಿಕೊಳ್ಳಿ. ಹೆರಬೇಕೋ ಬೇಡವೋ ಅನ್ನೋದಕ್ಕೆ ಹೆಂಗಸಿನ ಕೈಗೆ ಸಾಧನ ಕೊಡಿ, ಹೆತ್ತಾಗ ಅವಳ ಕೈಗೆ ದುಡ್ಡು ಕೊಡಿ. ಈಗಿನವರು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಕಿತ್ತುಕೊಳ್ಳುತ್ತಾರೆ. ನಮ್ಮ ಹುಡುಗರೂ ಅದಕ್ಕೆ ಬಾಬಾಸಾಹೇಬರ ಫೋಟೋ ಕೆಳಗೇ ಕೂತು ಚಪ್ಪಾಳೆ ತಟ್ಟುತ್ತಾರೆ.

ಎದುರು ವಾದದಲ್ಲಿ ಗಟ್ಟಿಯಾದದ್ದು ಇಲ್ಲವೆಂದಲ್ಲ. ಆ ರಾತ್ರಿ ಇನ್ನೊಬ್ಬ ಹುಡುಗ ಹೇಳಿದ, 'ಕೇಂದ್ರ ಸರ್ಕಾರಿ ನೌಕರನಿಗೂ ಮಕ್ಕಳ ಓದಿನ ಭತ್ಯೆ ಇಬ್ಬರಿಗೇ ಕೊಡೋದು. ಅವರಿಗೊಂದು ನ್ಯಾಯ ನಮಗೊಂದು ನ್ಯಾಯನಾ?' ನಿಜ, ಇಬ್ಬರಿಗೇ. ಆದರೆ ಆ ನೌಕರನ ಮೂರನೇ ಮಗು ಭತ್ಯೆ ಇಲ್ಲದೆಯೂ ಸಂಬಳದ ಮನೆಯಲ್ಲೇ ಉಣ್ಣುತ್ತದೆ. ಕೂಲಿ ಮನೆಯಲ್ಲಿ ಆ ಭತ್ಯೆಯೇ ಊಟ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಹೇಗೆ?

ಮತ್ತೊಬ್ಬ ಹೇಳಿದ್ದು ನಮ್ಮನ್ನು ನಿಜವಾಗಿ ಚುಚ್ಚಿತು. 'ಆ ದುಡ್ಡು ತಾಯಿಗೆಲ್ಲಿ ಹೋಗುತ್ತೆ ಅಣ್ಣ, ಗಂಡ ಕಿತ್ಕೊಂಡು ಕುಡೀತಾನೆ. ಗಂಡು ಬೇಕು ಗಂಡು ಬೇಕು ಅಂತ ನಾಲ್ಕು ಹೆರಿಸ್ತಾನೆ.' ಇದಕ್ಕೆ ನಾವು ತಲೆ ತಗ್ಗಿಸಬೇಕು. ಮೇಲ್ಜಾತಿಯವರ ಗಂಡಾಳ್ವಿಕೆಯನ್ನು ವೇದಿಕೆ ಮೇಲೆ ಬೈಯುವ ನಾವು ನಮ್ಮ ಕೇರಿಯ ಗಂಡಾಳ್ವಿಕೆಯನ್ನು ಕಂಡೂ ಕಾಣದ ಹಾಗೆ ಇರುತ್ತೇವೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡವರು ಅಂತ ಆ ಸಮೀಕ್ಷೆಯೇ ಹೇಳುತ್ತದೆ. ಗಂಡಸರದು? ಸೊನ್ನೆ ಅಂತಲೇ ಬರೆದಿದೆ. ಹೆಂಗಸರಿಗಿಂತ ಸುಲಭ, ಒಂದೇ ದಿನದಲ್ಲಿ ಮನೆಗೆ ಬರುವ ಆಪರೇಷನ್ನು ಅದು. ಕ್ರಾಂತಿಯ ಮಾತಾಡುವ ನಮ್ಮ ಎಷ್ಟು ಜನ ಮದುವೆಯಾದ ಅಣ್ಣಂದಿರು ಅದಕ್ಕೆ ಹೋಗಿದ್ದಾರೆ? ಈ ಪತ್ರಿಕೆ ಕೆಲಸ ಮಾಡುವವರಲ್ಲೂ ಯಾರೂ ಇಲ್ಲ, ಬರೆದುಬಿಡುತ್ತೇವೆ. ಆದರೆ ಗಂಡ ಕುಡಿಯುತ್ತಾನೆ ಅಂತ ಹೆಂಡತಿಯ ಖಾತೆಗೆ ಬರುವ ದುಡ್ಡು ನಿಲ್ಲಿಸಿದರೆ ಅವನು ಕುಡಿಯೋದು ನಿಲ್ಲುತ್ತದೆಯೇ? ಅವಳ ಕೂಲಿಯನ್ನೇ ಕಿತ್ತುಕೊಳ್ಳುತ್ತಾನೆ, ಅಷ್ಟೆ. ಮಗು ಎಷ್ಟಿರಬೇಕು ಅನ್ನೋ ತೀರ್ಮಾನ ಅವಳ ಕೈಯಲ್ಲಿ ಇಲ್ಲದಿರುವಾಗ, ಆ ತೀರ್ಮಾನದ ಜುಲ್ಮಾನೆ ಅವಳ ತಲೆಗೆ ಯಾಕೆ?

ಮಿತಿ ಹಾಕಿದರೆ ಹೆರಿಗೆ ಕಡಿಮೆಯಾಗುತ್ತದೆ ಅನ್ನೋದಕ್ಕೂ ಆಧಾರ ಕಾಣುವುದಿಲ್ಲ. 2005ರಲ್ಲಿ ಜನನಿ ಸುರಕ್ಷಾ ಬಂದಾಗ ನಮ್ಮಂಥ ರಾಜ್ಯಗಳಲ್ಲಿ ಎರಡು ಹೆರಿಗೆಗೆ ಮಾತ್ರ, ತಾಯಿಗೆ 19 ವರ್ಷ ಆಗಿರಬೇಕು ಅನ್ನೋ ಷರತ್ತಿತ್ತು. 2013ರಲ್ಲಿ ಆ ಷರತ್ತು ತೆಗೆದರು. ಆಕಾಶವೇನೂ ಕಳಚಿ ಬೀಳಲಿಲ್ಲ. 2015-16ರ ಸಮೀಕ್ಷೆಯಲ್ಲಿ ರಾಜ್ಯದ ಸರಾಸರಿ 1.8 ಇತ್ತು, ಮುಂದಿನದರಲ್ಲಿ 1.7 ಆಯಿತು. ಇಂಗ್ಲೆಂಡಿನಲ್ಲಿ 2017ರ ಏಪ್ರಿಲಿನಿಂದ ಬಡ ಕುಟುಂಬಗಳ ಮಕ್ಕಳ ಭತ್ಯೆಯನ್ನು ಎರಡಕ್ಕೆ ನಿಲ್ಲಿಸಿದ್ದರು. ಮೂರನೆಯದು ಬಲಾತ್ಕಾರದಿಂದ ಹುಟ್ಟಿದ್ದು ಅಂತ ತಾಯಿ ತೋರಿಸಿಕೊಟ್ಟರೆ ವಿನಾಯಿತಿ! ಹುಟ್ಟುವ ಮಕ್ಕಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಲಿಲ್ಲ ಅಂತ ಅಲ್ಲಿನ ಸಂಶೋಧಕರೇ ಹೇಳಿದರು, ದೊಡ್ಡ ಕುಟುಂಬಗಳು ಇನ್ನಷ್ಟು ಬಡವಾದವು. ಕೊನೆಗೆ 2025ರ ನವೆಂಬರ್ ಬಜೆಟ್ಟಿನಲ್ಲಿ ಅದನ್ನು 2026ರ ಏಪ್ರಿಲಿನಿಂದ ತೆಗೆಯುವುದಾಗಿ ಅಲ್ಲಿನ ಸರ್ಕಾರವೇ ಸಾರಿತು.

ನಮ್ಮ ದೇಶದ ಕಥೆ ಗೊತ್ತೇ ಇದೆ. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನಕ್ಕೆ ಆಪರೇಷನ್ ಆಯಿತು. ಅದರಿಂದ ಸತ್ತವರು 1,774 ಅಂತ ಶಾ ಆಯೋಗ ಬರೆದಿದೆ. ಮನೆ ಸೈಟು ಬೇಕಾದರೆ, ಸಾಲ ಬೇಕಾದರೆ ಸರ್ಟಿಫಿಕೇಟು ತಾ ಅಂದಾಗ ಸಾಲಿನಲ್ಲಿ ನಿಂತವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2021ರಲ್ಲಿ ಉತ್ತರ ಪ್ರದೇಶದ ಕಾನೂನು ಆಯೋಗ ಒಂದು ಕರಡು ಬರೆಯಿತು: ಎರಡಕ್ಕಿಂತ ಹೆಚ್ಚು ಮಕ್ಕಳಿದ್ದರೆ ಸರ್ಕಾರಿ ಯೋಜನೆ ಇಲ್ಲ, ರೇಷನ್ ಕಾರ್ಡು ನಾಲ್ಕು ಜನಕ್ಕೇ. ಅದೇ ಹೊತ್ತಿಗೆ ನಮ್ಮ ಪಕ್ಕದ ಆಂಧ್ರದಲ್ಲಿ ಗಾಳಿ ತಿರುಗಿತು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯ್ತಿ ಚುನಾವಣೆಗೆ ನಿಲ್ಲಬಾರದು ಅನ್ನೋ ಕಾನೂನನ್ನು 2024ರಲ್ಲಿ ತೆಗೆದುಹಾಕಿದರು. ಜನ ಕಡಿಮೆಯಾಗುತ್ತಿದ್ದಾರೆ, ಹೆಚ್ಚು ಮಕ್ಕಳು ಬೇಕು ಅಂತ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರೇ ಹೇಳಿದರು. ಒಬ್ಬರಿಗೆ ಬೇಡ, ಒಬ್ಬರಿಗೆ ಬೇಕು. ಅಕ್ಕನಿಗೆ ಏನು ಬೇಕು ಅಂತ ಇಬ್ಬರೂ ಕೇಳಲಿಲ್ಲ.

ನಾವು ಕೇಳೋದು ಇಷ್ಟು. 2013ರ ಕಾಯ್ದೆಯಲ್ಲಿ ಬರೆದಿರುವ ದುಡ್ಡನ್ನು ಪ್ರತಿ ಹೆರಿಗೆಗೂ ಕೊಡಲಿ, ಮೊತ್ತವನ್ನು ಕೂಲಿಯ ಲೆಕ್ಕಕ್ಕೆ ಏರಿಸಲಿ. ಹೆಣ್ಣುಮಗುವಿನ ಹೆಸರಲ್ಲಿ ಇಡುವ ಠೇವಣಿ ಮೂರನೆಯವಳಿಗೂ ಸಿಗಲಿ. ತಾಯಿ ಕೇಳಿದ ದಿನ ಆಪರೇಷನ್, ಮಾತ್ರೆ, ಕಾಪರ್‌-ಟಿ ಯಾವುದು ಬೇಕೋ ಅದು ಸಿಗುವಂತಾಗಲಿ, ರಕ್ತ ಕಡಿಮೆ ಅಂತ ಹಿಂದೆ ಕಳಿಸಿದರೆ ರಕ್ತ ಹೆಚ್ಚಿಸುವ ಜವಾಬ್ದಾರಿಯನ್ನೂ ಅವರೇ ಹೊರಲಿ. ದುಡ್ಡೆಲ್ಲಿಂದ ಬರುತ್ತದೆ ಅಂತ ಕೇಳುವವರು, ಮೂರನೇ ಹೆರಿಗೆಗಳೇ ಇಷ್ಟು ಕಡಿಮೆಯಾಗಿರುವಾಗ ಅದಕ್ಕೆ ಎಷ್ಟು ದುಡ್ಡು ಬೇಕು ಅಂತಲೂ ಲೆಕ್ಕ ಹಾಕಲಿ.

ಹಾಸ್ಟೆಲಿನ ಗೆಳೆಯರು ರಜೆಗೆ ಊರಿಗೆ ಹೋಗುತ್ತೀರಲ್ಲ, ಎರಡು ದಿನ ಬಿಡುವು ಮಾಡಿಕೊಳ್ಳಿ. ಕೇರಿಯಲ್ಲಿ ಕಳೆದ ಮೂರು ವರ್ಷದಲ್ಲಿ ಹೆರಿಗೆಯಾದ ಮನೆಗಳಿಗೆ ಹೋಗಿ ತಾಯಿ ಕಾರ್ಡು ನೋಡಿ. ಮೊದಲನೇ ಮಗುವಾಗಿದ್ದೂ ದುಡ್ಡು ಬರದೇ ಇರುವವರು ಬಹಳ ಜನ ಸಿಗುತ್ತಾರೆ. ಆಧಾರಿನಲ್ಲಿ ಹೆಸರು ಬೇರೆ, ಖಾತೆ ಜೋಡಣೆ ಆಗಿಲ್ಲ, ಎರಡನೇ ಕಂತು ನಿಂತಿದೆ ಅಂತ ಏನೇನೋ. ಅಂಗನವಾಡಿ ಟೀಚರ್ ಜೊತೆ ಜಗಳಕ್ಕೆ ನಿಲ್ಲಬೇಡಿ, ಆಕೆಯೂ ಗೌರವಧನಕ್ಕೆ ದುಡಿಯುವ ಹೆಣ್ಣುಮಗಳು. ಕೂತು ಅರ್ಜಿ ತುಂಬಲು ಸಹಾಯ ಮಾಡಿ. ಎರಡನೆಯದು ಗಂಡು ಅಂತಲೋ ಮೂರನೆಯದು ಅಂತಲೋ ಸಿಗದೇ ಹೋದವರದ್ದು ಬೇರೆ ಪಟ್ಟಿ ಮಾಡಿ. ತಾಯಿಯ ಕೂಲಿ ಏನು, ಹೆರಿಗೆಯಾದ ಎಷ್ಟನೇ ದಿನಕ್ಕೆ ಕೆಲಸಕ್ಕೆ ಇಳಿದಳು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಆಪರೇಷನ್ ಕೇಳಿ ವಾಪಸ್ ಬಂದವರಿದ್ದರೆ ಅದನ್ನೂ. ಇದನ್ನು ಹುಡುಗಿಯರ ಹಾಸ್ಟೆಲಿನವರು ಮಾಡಿದರೆ ಇನ್ನೂ ಒಳ್ಳೆಯದು, ನಮಗೆ ಹೇಳದೇ ಇರುವುದನ್ನು ಅವರಿಗೆ ಹೇಳುತ್ತಾರೆ.

ಆ ರಾತ್ರಿ ಎದ್ದು ನಿಂತ ಹುಡುಗನೂ ತನ್ನ ಊರಿನ ಪಟ್ಟಿ ಮಾಡುತ್ತೇನೆ ಅಂದಿದ್ದಾನೆ. ಅವನು ಈಗಲೂ ನಮ್ಮ ಮಾತು ಪೂರ್ತಿ ಒಪ್ಪಿಲ್ಲ. ಮನೆಯಲ್ಲಿ ತಾನು ನಾಲ್ಕನೆಯವನು ಅಂತ ಮಾತ್ರ, ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದಾಗ, ಹೇಳಿದ. ಪಟ್ಟಿಗಳನ್ನು ಮುಂದಿನ ತಾಲ್ಲೂಕು ಸಭೆಗೆ ತನ್ನಿ.